ಪಾರ್ಟ್ಸ್ ಪಟ್ಟಿಗಿಂತ ಮೊದಲು ಪ್ಲಗ್ ಪಾಯಿಂಟ್: ನಮ್ಮ ಕಡೆಯ ಮನೆಗಳಲ್ಲಿ ಗೇಮಿಂಗ್ ಪಿಸಿ ಕಟ್ಟುವ ಕ್ರಮ

ಗೇಮಿಂಗ್ ಪಿಸಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ನಾಲ್ಕು ವಿಡಿಯೊ ನೋಡಿ, ಒಂದು ಪಟ್ಟಿ ಬರೆದುಕೊಂಡು, ಅದನ್ನೇ ಹಿಡಿದು ಅಂಗಡಿಗೆ ಹೋಗುತ್ತಾರೆ. ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಅದನ್ನು ಬರೆದವರ ಕೋಣೆಯಲ್ಲಿ ಎಸಿ ಓಡುತ್ತಿರುತ್ತದೆ, ಕರೆಂಟ್ ಹೋಗಿ ಬರುವುದಿಲ್ಲ, ಅರ್ಥಿಂಗ್ ಇದೆಯೋ ಇಲ್ಲವೋ ಎಂದು ನೋಡುವ ಪ್ರಮೇಯವೇ ಬರುವುದಿಲ್ಲ. ಅದೇ ಪಟ್ಟಿಯ ಮಾಲನ್ನು ದಾವಣಗೆರೆಯ ಮೇಲ್ಮಹಡಿಯ ಕೋಣೆಯಲ್ಲಿ, ತಲೆ ಮೇಲೆ ಕಾದ ತಾರಸಿ ಇರುವಾಗ, ಏಪ್ರಿಲ್ ಮಧ್ಯಾಹ್ನ ಓಡಿಸಿದರೆ ಫಲಿತಾಂಶ ಬೇರೆ. ಹಾಗಾಗಿ ಇಲ್ಲಿ ಕ್ರಮ ತಿರುಗುಮುರುಗು: ಮೊದಲು ಗೋಡೆಯ ಪ್ಲಗ್, ಆಮೇಲೆ ಕೋಣೆ, ಆಮೇಲೆ ಮಾನಿಟರ್, ಅದಕ್ಕೆ ತಕ್ಕ ಕಾರ್ಡ್, ಕಾರ್ಡಿಗೆ ತಕ್ಕ ಪ್ರೊಸೆಸರ್. ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಗೋಡೆಯಿಂದ ಶುರು

ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುತ್ತದೆ ಎಂಬ ದೂರು ನಮ್ಮ ಕಡೆ ತುಂಬಾ ಸಾಮಾನ್ಯ. ಜನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬಿ) ಕೆಟ್ಟಿದೆ ಎಂದು ಬದಲಾಯಿಸುತ್ತಾರೆ, ಹೊಸದರಲ್ಲೂ ಜುಮ್ ಎನ್ನುತ್ತದೆ. ಕಾರಣ ಸರಳ. ಪ್ರತಿ ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲವನ್ನು ಸೋಸಲು ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ: ಒಂದು ಫೇಸ್‌ನಿಂದ ಅರ್ಥಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅರ್ಥಿಗೆ. ಅರ್ಥ್ ವೈರ್ ಸರಿಯಾಗಿದ್ದರೆ ಆ ಸೋರಿಕೆ ನೆಲಕ್ಕೆ ಇಳಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಲೋಹವೆಲ್ಲ 230 ವೋಲ್ಟ್‌ನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ನಿಂತುಬಿಡುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಜುಮ್ ಎನ್ನುತ್ತದೆ ಅಷ್ಟೆ. ಆದರೆ ಅದೇ ಸ್ಥಿತಿಯಲ್ಲಿ ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಆ ಪೋರ್ಟ್ ಸುಟ್ಟುಹೋಗಬಹುದು.

ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಮೂರು ಅಳತೆ ತೆಗೆಯಬೇಕು. ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ಫೇಸ್–ಅರ್ಥ್ 100ರ ಸುತ್ತ ತೇಲಾಡುತ್ತಿದ್ದರೆ ಸಾಕೆಟ್ಟಿನ ಅರ್ಥ್ ಪಿನ್ನಿಗೆ ವೈರೇ ಇಲ್ಲ, ಅಥವಾ ಹೊರಗಿನ ಗುಂಡಿ ಒಣಗಿದೆ. ಬೇಸಿಗೆಯಲ್ಲಿ ನಮ್ಮ ಮಣ್ಣು ಒಣಗಿದಾಗ ಹಳೆಯ ಅರ್ಥಿಂಗ್ ಗುಂಡಿಗಳು ಕೈಕೊಡುತ್ತವೆ. ಇದ್ದಿಲು–ಉಪ್ಪಿನ ಗುಂಡಿಗೆ ಆಗಾಗ ನೀರು ಬಿಡಬೇಕು. ಈ ಅಳತೆ ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್‌ಗೆ ಹೇಳಿ ಮಾಡಿಸಿ. ಅರ್ಥ್ ಪಿನ್ ಮುರಿದು ಟೂ-ಪಿನ್ ಸಾಕೆಟ್ಟಿಗೆ ಚುಚ್ಚುವ ಕೆಲಸ ಮಾತ್ರ ಬೇಡವೇ ಬೇಡ.

ಇನ್ನು ಕರೆಂಟ್ ಹೋಗುವ ಮಾತು. ಎಸ್‌ಎಂಪಿಎಸ್‌ಗೆ ಬರುವ ಕರೆಂಟ್ ನಿಂತರೂ ಒಳಗಿನ ದೊಡ್ಡ ಕೆಪಾಸಿಟರ್ ಕ್ಷಣಕಾಲ ಪಿಸಿಯನ್ನು ಹಿಡಿದುಕೊಳ್ಳುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಪೂರ್ತಿ ಲೋಡಿನಲ್ಲೂ ಅದು ಸುಮಾರು 16 ಮಿಲಿಸೆಕೆಂಡ್. ಮನೆಯ ಇನ್ವರ್ಟರ್ ಅಷ್ಟರೊಳಗೆ ಬ್ಯಾಟರಿಗೆ ಹೊರಳಿದರೆ ಪಿಸಿಗೆ ಗೊತ್ತೇ ಆಗುವುದಿಲ್ಲ; ತಡವಾದರೆ ರೀಸ್ಟಾರ್ಟ್. ಹೆಚ್ಚಿನ ಇನ್ವರ್ಟರ್‌ಗಳ ಹಿಂದೆ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೊ ಅಥವಾ ನಾರ್ಮಲ್. ಅದು ಯುಪಿಎಸ್ ಕಡೆಗಿರಬೇಕು. ಇನ್ವರ್ಟರ್ ಶುದ್ಧ ಸೈನ್ ವೇವ್ (ಗೋಡೆಯ ಕರೆಂಟಿನಂಥ ನಯವಾದ ಅಲೆ) ಕೊಡುವಂಥದ್ದೂ ಆಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಸಮವಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಗುಂಯ್‌ಗುಡುತ್ತದೆ, ಕೆಲವು ಸಲ ಆಫ್ ಆಗುತ್ತದೆ.

ಪ್ರತ್ಯೇಕ ಯುಪಿಎಸ್ ಕೊಳ್ಳುವವರು ವಿಎ ಸಂಖ್ಯೆಗೆ ಮೋಸಹೋಗಬಾರದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಒಂದು ಲೆಕ್ಕ ಹಾಕೋಣ. ಆರ್‌ಟಿಎಕ್ಸ್ 4060 ಎಂಬ ಗ್ರಾಫಿಕ್ಸ್ ಕಾರ್ಡಿಗೆ 115 ವ್ಯಾಟ್, ರೈಜನ್ 5 5600 ಪ್ರೊಸೆಸರಿಗೆ ಹೆಚ್ಚೆಂದರೆ 76, ಬೋರ್ಡು (ಎಲ್ಲ ಭಾಗಗಳು ಕೂರುವ ಮದರ್‌ಬೋರ್ಡು), ರ‍್ಯಾಮ್, ಫ್ಯಾನುಗಳೆಲ್ಲ ಸೇರಿ 50. ಒಟ್ಟು ಸುಮಾರು 240. ಎಸ್‌ಎಂಪಿಎಸ್ 87 ಶೇಕಡಾ ದಕ್ಷತೆಯದಾದರೆ ಗೋಡೆಯಿಂದ ಎಳೆಯುವುದು ಸುಮಾರು 276. ಮಾನಿಟರಿನ 30 ಸೇರಿಸಿದರೆ 306. ಲೆಕ್ಕಕ್ಕೆ 360 ಸಾಕೆನಿಸಿದರೂ ಕಾರ್ಡು ಕ್ಷಣಮಾತ್ರಕ್ಕೆ ಹೆಚ್ಚು ಎಳೆದಾಗ ಆ ಯುಪಿಎಸ್ ಓವರ್‌ಲೋಡ್ ಎಂದು ಕೂಗುತ್ತದೆ. 1 ಕೆವಿಎ, ಅಂದರೆ ಸುಮಾರು 600 ವ್ಯಾಟ್‌ನದ್ದು ತೆಗೆದುಕೊಳ್ಳಿ. ಬ್ಯಾಟರಿ ಇರುವುದು ಸೇವ್ ಮಾಡಿ ಶಟ್‌ಡೌನ್ ಮಾಡಲಿಕ್ಕೆ, ಮ್ಯಾಚ್ ಮುಗಿಸಲಿಕ್ಕಲ್ಲ.

ಇದೇ 306 ವ್ಯಾಟ್ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ ಸುಮಾರು 37 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಈ ಸಂಖ್ಯೆ ಮುಖ್ಯ. ಬಳಕೆ ಮನೆಗೆ ನಿಗದಿಯಾದ ಮಿತಿ ದಾಟಿದರೆ ಹೆಚ್ಚುವರಿಗೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಈಗಾಗಲೇ 170ರ ಹತ್ತಿರ ಇರುವ ಮನೆ ಇದನ್ನು ಮೊದಲೇ ಯೋಚಿಸಲಿ.

ಎಸ್‌ಎಂಪಿಎಸ್ ಆಯ್ಕೆಯಲ್ಲಿ ನಮ್ಮ ಮಾತು ಗಟ್ಟಿ: ಇಡೀ ಪಿಸಿಯಲ್ಲಿ ಚೌಕಾಸಿ ಮಾಡಬಾರದ ವಸ್ತು ಇದೊಂದೇ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಹಗುರ ಡಬ್ಬಿಯ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲು ನೋಡಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ ಕಾರ್ಡಿಗೂ ಪ್ರೊಸೆಸರಿಗೂ ಸಿಗುವುದು 12 ಗುಣಿಸು 16, ಅಂದರೆ 192 ವ್ಯಾಟ್ ಮಾತ್ರ. 550 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಸಾಲೊಂದೇ 500 ವ್ಯಾಟ್ ದಾಟಿರುತ್ತದೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಮುದ್ರೆಗಳು ಹೇಳುವುದು ದಕ್ಷತೆ. ಒಳಗಿನ ರಕ್ಷಣೆ, ಕೆಪಾಸಿಟರ್ ಗುಣಮಟ್ಟ ಅದರಲ್ಲಿ ಬರುವುದಿಲ್ಲ. ಅದಕ್ಕೆ ವಾರಂಟಿ ಅವಧಿ ಒಂದು ಒಳ್ಳೆಯ ಸೂಚನೆ: ಐದು ವರ್ಷ ಅಥವಾ ಹೆಚ್ಚು ಕೊಡುವ ಮಾದರಿ ಹುಡುಕಿ. ಸೈಬೆನೆಟಿಕ್ಸ್ ಎಂಬ ಪರೀಕ್ಷಾ ಸಂಸ್ಥೆ 230 ವೋಲ್ಟ್‌ನ ಫಲಿತಾಂಶಗಳನ್ನೂ ಪ್ರಕಟಿಸುತ್ತದೆ. ನಮ್ಮ ಕರೆಂಟಿಗೆ ಅದೇ ಹೊಂದುವ ಅಂಕಿ.

ಬಿಸಿಲು ಮತ್ತು ಧೂಳು

ಶಾಖದ ಲೆಕ್ಕ ಕಷ್ಟದ್ದಲ್ಲ. ಫ್ಯಾನ್ ವೇಗ ಬದಲಾಗದಿದ್ದರೆ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ರಿವ್ಯೂನಲ್ಲಿ 22 ಡಿಗ್ರಿ ಕೋಣೆಯಲ್ಲಿ 68 ಡಿಗ್ರಿ ತೋರಿಸಿದ ಕಾರ್ಡು ನಮ್ಮ 36 ಡಿಗ್ರಿ ಕೋಣೆಯಲ್ಲಿ 82ರ ಹತ್ತಿರ ನಿಲ್ಲುತ್ತದೆ. ಆಗ ಕಾರ್ಡು ಫ್ಯಾನನ್ನು ಜೋರು ಮಾಡುತ್ತದೆ, ಅದೂ ಸಾಲದಿದ್ದರೆ ತನ್ನ ವೇಗ ಇಳಿಸುತ್ತದೆ. ಆದ್ದರಿಂದ ಗೈಡ್ ಓದುವಾಗ ತಾಪಮಾನದ ಅಂಕಿಗೆ 12ರಿಂದ 15 ಡಿಗ್ರಿ ಕೂಡಿಸಿಕೊಂಡು ಓದುವುದು ನಮ್ಮೂರಿನ ಪದ್ಧತಿಯಾಗಬೇಕು. ಕಾರ್ಡ್ ಆಯ್ಕೆಯೂ ಇದರಿಂದ ಬದಲಾಗುತ್ತದೆ: ಒಂದೇ ಚಿಪ್ಪಿನ ಎರಡು ಮಾದರಿಗಳಲ್ಲಿ ದಪ್ಪ ಹೀಟ್‌ಸಿಂಕ್ (ಶಾಖ ಹೊರಬಿಡುವ ಲೋಹದ ಎಲೆಗಳ ಕಟ್ಟು) ಇರುವ ಎರಡು ಫ್ಯಾನಿನದನ್ನು ತೆಗೆದುಕೊಳ್ಳಿ, ಒಂದೇ ಫ್ಯಾನಿನ ಗಿಡ್ಡ ಕಾರ್ಡ್ ಬಿಡಿ.

ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದಾದರೆ ನೋಡಲು ಚಂದ, ಉಸಿರಾಡಲು ಕಷ್ಟ. ಜಾಲರಿಯ ಮುಂಭಾಗವೇ ಇರಲಿ. ಮುಂದೆ ಎರಡು 120 ಎಂಎಂ ಅಥವಾ 140 ಎಂಎಂ ಫ್ಯಾನ್ ಗಾಳಿ ಒಳಗೆಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಂದುಗಳಿಂದ ಗಾಳಿ ಹೊರಕ್ಕೇ ಒತ್ತುತ್ತದೆ, ಹಾಗಾಗಿ ಧೂಳು ಫಿಲ್ಟರ್ ಮೂಲಕವೇ ಬರಬೇಕಾಗುತ್ತದೆ. ಉಲ್ಟಾ ಮಾಡಿ ಎಲ್ಲ ಫ್ಯಾನನ್ನೂ ಹೊರಕ್ಕೆ ತಿರುಗಿಸಿದರೆ ಪ್ರತಿ ತೂತೂ ಧೂಳು ಎಳೆಯುವ ಬಾಯಿ.

ಅಕ್ಕಿ ಗಿರಣಿಗಳ ಹತ್ತಿರದ ಬಡಾವಣೆಗಳಲ್ಲಿ ಹೊಟ್ಟಿನ ಪುಡಿ, ಚಿತ್ರದುರ್ಗದ ಕಡೆ ಗಾಳಿ ಹೊತ್ತು ತರುವ ಕೆಮ್ಮಣ್ಣು. ಎರಡೂ ಹೀಟ್‌ಸಿಂಕ್ ಎಲೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು, ಒಣಗಿಸಿ ಹಾಕಿ. ಮೂರು ತಿಂಗಳಿಗೊಮ್ಮೆ ಬ್ಲೋವರ್. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಲೇಬೇಕು. ಬ್ಲೋವರ್ ರಭಸಕ್ಕೆ ಸುತ್ತಿದ ಫ್ಯಾನಿನ ಬೇರಿಂಗ್ ಹಾಳಾಗುತ್ತದೆ. ನೀರಿನ ಏರ್ ಕೂಲರ್ ಬಳಸುವವರು ಅದರ ಗಾಳಿ ನೇರವಾಗಿ ಪಿಸಿಗೆ ಬಡಿಯದಂತೆ ಇಡಿ. ಬೋರ್‌ವೆಲ್ ನೀರಿನ ತುಂತುರು ಒಣಗಿದಲ್ಲಿ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ, ಬೋರ್ಡಿನ ಮೇಲೆ ಅದು ಒಳ್ಳೆಯದಲ್ಲ. ಕ್ಯಾಬಿನೆಟ್ಟಿನ ಹಿಂದಿನ ಖಾಲಿ ಸ್ಲಾಟುಗಳ ತಗಡಿನ ಪಟ್ಟಿ ಬಿಸಾಡಬೇಡಿ. ಆ ಸಂದಿಯಿಂದ ಹಲ್ಲಿ ಒಳಹೊಕ್ಕು ಬೋರ್ಡಿನ ಮೇಲೆ ಸತ್ತರೆ ಶಾರ್ಟ್ ಆಗುತ್ತದೆ.

ಲಿಕ್ವಿಡ್ ಕೂಲರ್ ಬೇಕೇ ಎಂದು ಕೇಳುವವರಿದ್ದಾರೆ. 65 ವ್ಯಾಟ್‌ನ ಪ್ರೊಸೆಸರಿಗೆ ಬೇಡ. ನೀರು ಕೂಡ ಕೋಣೆಯ ತಾಪಮಾನಕ್ಕಿಂತ ಕೆಳಗಿಳಿಯುವುದಿಲ್ಲ. ನಾಲ್ಕು ಹೀಟ್‌ಪೈಪಿನ ಗೋಪುರದಂಥ ಏರ್ ಕೂಲರ್ ಸಾಕು. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ಯಾವ ಊರಿನಲ್ಲಾದರೂ ಬದಲಿಸಬಹುದು.

ಕಾರ್ಡೋ, ಪ್ರೊಸೆಸರೋ

ಬೋರ್‌ವೆಲ್‌ನಲ್ಲಿ ಎರಡಿಂಚು ನೀರಿದ್ದರೆ ಹತ್ತು ಎಚ್‌ಪಿ ಮೋಟಾರ್ ಇಳಿಸಿ ಫಲವಿಲ್ಲ ಎನ್ನುವುದು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಪಿಸಿಯಲ್ಲೂ ಅದೇ ನ್ಯಾಯ. ಆಟದ ಪ್ರತಿ ಫ್ರೇಮಿಗೆ (ಪರದೆಯ ಒಂದೊಂದು ಚಿತ್ರಕ್ಕೆ) ಮೊದಲು ಪ್ರೊಸೆಸರ್ ಕೆಲಸ ಮಾಡುತ್ತದೆ: ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ಬಿತ್ತು, ಏನು ಚಿತ್ರಿಸಬೇಕು. ಆಮೇಲೆ ಕಾರ್ಡು ಆ ಚಿತ್ರ ಬಿಡಿಸುತ್ತದೆ. ರೆಸಲ್ಯೂಶನ್, ಅಂದರೆ ಚಿತ್ರದ ಚುಕ್ಕೆಗಳ ಸಂಖ್ಯೆ, ಏರಿಸಿದರೆ ಕಾರ್ಡಿನ ಕೆಲಸ ಮಾತ್ರ ಹೆಚ್ಚುತ್ತದೆ, ಪ್ರೊಸೆಸರಿನದು ಹಾಗೇ ಇರುತ್ತದೆ. ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ಆಟದಲ್ಲಿ ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮುಗಳು) ಜಿಗಿದರೆ ತಡೆಯುತ್ತಿದ್ದುದು ಕಾರ್ಡು. ಇದ್ದಲ್ಲೇ ಇದ್ದರೆ ತಡೆಯುತ್ತಿರುವುದು ಪ್ರೊಸೆಸರ್.

ವ್ಯಾಲರೆಂಟ್, ಸಿಎಸ್2 ತರದ ಆಟಗಳನ್ನು 1080ಪಿ ಮಾನಿಟರಿನಲ್ಲಿ 200 ಎಫ್‌ಪಿಎಸ್ ಆಡಬೇಕೆನ್ನುವವರಿಗೆ ಪ್ರೊಸೆಸರ್ ಮುಖ್ಯ. ದೊಡ್ಡ ಕಥೆಯ ಆಟಗಳನ್ನು ಅದಕ್ಕಿಂತ ಹೆಚ್ಚು ಚುಕ್ಕೆಗಳ 1440ಪಿಯಲ್ಲಿ ನೋಡಿ ಆನಂದಿಸುವವರಿಗೆ ಕಾರ್ಡು ಮುಖ್ಯ. ಆದ್ದರಿಂದಲೇ ಮಾನಿಟರ್ ಮೊದಲು ತೀರ್ಮಾನಿಸಿ. ಸಾಮಾನ್ಯ ಲೆಕ್ಕಕ್ಕೆ ಮಾನಿಟರ್ ಬಿಟ್ಟು ಉಳಿದ ಹಣದ ಐದರಲ್ಲಿ ಎರಡು ಪಾಲು ಕಾರ್ಡಿಗೆ ಹೋದರೆ ಹದವಾಗಿರುತ್ತದೆ.

ಕಾರ್ಡಿನ ಹೆಸರುಗಳಲ್ಲಿ ಬಲೆಗಳಿವೆ. ಆರ್‌ಟಿಎಕ್ಸ್ 3050 ಎರಡು ಬಗೆ: 8 ಜಿಬಿಯದ್ದರಲ್ಲಿ 2560 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕ), 6 ಜಿಬಿಯದ್ದರಲ್ಲಿ 2304. ಮೆಮೊರಿ ಮಾತ್ರ ಕಡಿಮೆ ಎಂದುಕೊಂಡವರು ಚಿಪ್ಪಿನ ಶಕ್ತಿಯನ್ನೂ ಕಳೆದುಕೊಳ್ಳುತ್ತಾರೆ. ಆದರೂ 6 ಜಿಬಿಯದ್ದು 70 ವ್ಯಾಟ್‌ನದ್ದಾದ್ದರಿಂದ ಹೆಚ್ಚಿನ ಮಾದರಿಗಳಿಗೆ ಬೇರೆ ಪವರ್ ಕೇಬಲ್ ಬೇಡ. ಹಳೆಯ ಆಫೀಸ್ ಪಿಸಿಗೆ ಹಾಕಲು ಅದಕ್ಕೆ ಬೆಲೆಯಿದೆ. ಆರ್‌ಟಿಎಕ್ಸ್ 3060ರಲ್ಲೂ ಮೆಮೊರಿಗೆ ಹೋಗುವ ದಾರಿಯ ಅಗಲ ಬೇರೆ ಬೇರೆ: 12 ಜಿಬಿಯದ್ದು 192 ಬಿಟ್, 8 ಜಿಬಿಯದ್ದು 128 ಬಿಟ್. ಆರ್‌ಎಕ್ಸ್ 580 ಎಂದು ಅಗ್ಗಕ್ಕೆ ಬರುವ ಕಾರ್ಡಿನ ಹೆಸರಿನ ಕೊನೆಗೆ 2048ಎಸ್‌ಪಿ ಎಂದಿದ್ದರೆ ಅದು ನಿಜದಲ್ಲಿ ಆರ್‌ಎಕ್ಸ್ 570ರ ಅಳತೆಯ ಚಿಪ್. ಅಸಲಿ 580ರಲ್ಲಿ 2304 ಕೋರ್ ಇರುತ್ತವೆ. ಜಿಟಿ 730ಗೆ 4 ಜಿಬಿ ಮೆಮೊರಿ ಅಂಟಿಸಿ ಗೇಮಿಂಗ್ ಕಾರ್ಡ್ ಎಂದು ಮಾರುವುದನ್ನಂತೂ ದೂರವಿಡಿ.

ಇನ್ನೊಂದು ಬಲೆ ‘ಐ7 ಗೇಮಿಂಗ್ ಪಿಸಿ, ಇಪ್ಪತ್ತು ಸಾವಿರಕ್ಕೆ’ ಎಂಬ ಜಾಹೀರಾತು. ಐ7 ಎಂಬುದು ಇಂಟೆಲ್ ಪ್ರೊಸೆಸರಿನ ಹೆಸರು, ಅದರ ಮುಂದಿನ ಸಂಖ್ಯೆ ಕೇಳಿ. 2600 ಎಂದರೆ 2011ರ ಮಾಲು, 3770 ಎಂದರೆ 2012ರದ್ದು. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯದನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವ್ಯಾಲರೆಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳನ್ನು ಕೇಳುತ್ತದೆ. ಅಷ್ಟು ಹಳೆಯ ಬೋರ್ಡಿನಲ್ಲಿ ಅದು ಆಗುವ ಮಾತಲ್ಲ. ಇವತ್ತಿನ ಐ5-12400ಎಫ್ ಆ ಐ7ಗಳನ್ನು ಎಲ್ಲ ಆಟದಲ್ಲೂ ಹಿಂದಿಕ್ಕುತ್ತದೆ.

ಮೆಮೊರಿ ವಿಚಾರಕ್ಕೆ ಬಂದರೆ, 1080ಪಿಗೆ 8 ಜಿಬಿ ಕಾರ್ಡು ಈಗಲೂ ನಡೆಯುತ್ತದೆ, ಹೊಸ ಆಟಗಳಲ್ಲಿ ಟೆಕ್ಸ್ಚರ್ (ಮೇಲ್ಮೈಗಳ ಚಿತ್ರದ ಗುಣಮಟ್ಟ) ಒಂದು ಮೆಟ್ಟಿಲು ಇಳಿಸಬೇಕಾಗಬಹುದು. ನಾಲ್ಕೈದು ವರ್ಷ ಇಟ್ಟುಕೊಳ್ಳುವವರು ಸಾಧ್ಯವಿದ್ದರೆ 16 ಜಿಬಿಯದ್ದಕ್ಕೆ ಹೋಗಿ. ಆರ್‌ಎಕ್ಸ್ 9060 ಎಕ್ಸ್‌ಟಿ ಮತ್ತು ಆರ್‌ಟಿಎಕ್ಸ್ 5060 ಟಿಐ ಎರಡೂ 8, 16 ಎಂಬ ಎರಡು ರೂಪದಲ್ಲಿವೆ, ಡಬ್ಬಿಯ ಮೇಲೆ ಸರಿಯಾಗಿ ಓದಿ. ಗೈಡುಗಳು ಹೆಚ್ಚಾಗಿ ಬಿಟ್ಟುಬಿಡುವ ಒಂದು ಸೂಕ್ಷ್ಮ ಇಲ್ಲಿದೆ. ಆರ್‌ಟಿಎಕ್ಸ್ 4060, 5060, 5060 ಟಿಐ, ಆರ್‌ಎಕ್ಸ್ 6600 ಇವೆಲ್ಲ ಬೋರ್ಡಿನೊಂದಿಗೆ 16ರ ಬದಲು 8 ಲೇನಿನಲ್ಲಿ (ಡೇಟಾ ಹರಿಯುವ ದಾರಿಗಳಲ್ಲಿ) ಮಾತಾಡುತ್ತವೆ. ಎ520, ಬಿ450 ಬೋರ್ಡುಗಳಲ್ಲಿ ಆ ದಾರಿ ಪಿಸಿಐಇ 3.0 ತಲೆಮಾರಿನದು, ಅಂದರೆ ಪ್ರತಿ ಲೇನಿನ ವೇಗ 4.0ದ ಅರ್ಧ. ಕಾರ್ಡಿನ 8 ಜಿಬಿ ತುಂಬಿ ಡೇಟಾ ರ‍್ಯಾಮಿಗೆ ಉಕ್ಕಿದಾಗ ಈ ಕಿರಿದಾದ ದಾರಿಯಲ್ಲಿ ಆಟ ಮುಗ್ಗರಿಸುತ್ತದೆ. ರೈಜನ್ 5 5600 ಕೊಳ್ಳುವವರಿಗೆ ಬಿ550 ಬೋರ್ಡೇ ಸರಿ ಎನ್ನುವುದು ಇದಕ್ಕೇ. 5600ಜಿ ಹಾಕಿದರೆ ಬಿ550 ಇದ್ದರೂ 3.0 ವೇಗವೇ, ಆ ಪ್ರೊಸೆಸರಿನ ಮಿತಿ ಅಷ್ಟು.

ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ

ರೈಜನ್ ತಯಾರಿಸುವ ಎಎಂಡಿಯ ಎಎಂ4 ಹಳೆಯ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಅದರ ರ‍್ಯಾಮ್ ಡಿಡಿಆರ್4 ತಲೆಮಾರಿನದು. 2022ರಲ್ಲಿ ಬಂದ ಎಎಂ5ರಲ್ಲಿ ಡಿಡಿಆರ್5 ಮಾತ್ರ. ಎಎಂ5ಗೆ 2027ರವರೆಗಾದರೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿರುವುದರಿಂದ ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುತ್ತದೆ. ಇಂಟೆಲ್‌ನ ಎಲ್‌ಜಿಎ 1700ರಲ್ಲಿ 12, 13, 14ನೇ ತಲೆಮಾರು ಕೂರುತ್ತವೆ. ಅಲ್ಲಿ ಬೋರ್ಡಿನ ಮೇಲೆ ಡಿಡಿಆರ್4 ಅಥವಾ ಡಿಡಿಆರ್5, ಯಾವುದಾದರೂ ಒಂದು ಇರುತ್ತದೆ. ರ‍್ಯಾಮ್ ಕೊಳ್ಳುವ ಮೊದಲು ನೋಡಿ, ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಇಂಟೆಲ್ ಸಂಖ್ಯೆಯ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡು ಕೆಟ್ಟು ವಾರಂಟಿಗೆ ಹೋದಾಗ ಪಿಸಿ ಪೂರ್ತಿ ಕಪ್ಪು. ಕಾರ್ಡು ಬೆಂಗಳೂರಿಗೆ ಹೋಗಿ ವಾಪಸ್ ಬರಲು ವಾರಗಳೇ ಹಿಡಿಯಬಹುದಾದ ನಮ್ಮಂಥ ಊರಿನಲ್ಲಿ, ಅದೇ ಪಿಸಿಯಲ್ಲಿ ಓದು–ಕೆಲಸ ನಡೆಯುವುದಾದರೆ, ಸ್ವಲ್ಪ ಹೆಚ್ಚು ಕೊಟ್ಟು ಎಫ್ ಇಲ್ಲದ್ದನ್ನೋ, ರೈಜನ್ 5 7600 ತರದ್ದನ್ನೋ ಕೊಳ್ಳುವುದು ಜಾಣತನ.

ರ‍್ಯಾಮ್ ಒಂದೇ 16 ಜಿಬಿ ಕಡ್ಡಿಯ ಬದಲು 8 ಜಿಬಿಯ ಎರಡು ಕಡ್ಡಿ. ಎರಡಿದ್ದರೆ ದಾರಿ ಎರಡು, ಆಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಕೂರಿಸಿ. ಡಿಡಿಆರ್4ರಲ್ಲಿ 3200, ಸಿಎಲ್16 (ಸಿಎಲ್ ಎಂದರೆ ತಡದ ಅಂಕಿ); ಎಎಂ5ರಲ್ಲಿ ಡಿಡಿಆರ್5 6000, ಸಿಎಲ್30 ಹದವಾದ ಆಯ್ಕೆ. ಆದರೆ ಡಬ್ಬಿಯ ಮೇಲಿನ ಆ ವೇಗ ತಾನಾಗಿ ಬರುವುದಿಲ್ಲ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ತಂತ್ರಾಂಶದಲ್ಲಿ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಸೆಟ್ಟಿಂಗ್ ಆನ್ ಮಾಡಬೇಕು. ಮಾಡದೆ ವರ್ಷಗಟ್ಟಲೆ 6000ದ ರ‍್ಯಾಮನ್ನು 4800ರಲ್ಲಿ ಓಡಿಸುವವರಿದ್ದಾರೆ.

ಎಸ್‌ಎಸ್‌ಡಿ (ಆಟ, ಫೈಲುಗಳು ಉಳಿಯುವ ವೇಗದ ಡಿಸ್ಕು) 1 ಟಿಬಿಯ ಎನ್‌ವಿಎಂಇ ಬಗೆಯದು ಸಾಕು. ಆಟಕ್ಕೆ ಪಿಸಿಐಇ 3.0, 4.0 ಡಿಸ್ಕುಗಳ ವ್ಯತ್ಯಾಸ ಸಣ್ಣದು. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಸ್ಲಾಟ್ (ಇಂಥ ಡಿಸ್ಕು ಕೂರುವ ಜಾಗ) ತುಂಬಿದರೆ ಹಾರ್ಡ್‌ಡಿಸ್ಕ್ ಚುಚ್ಚುವ ಒಂದೆರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಕಾಣಿಸುತ್ತಿಲ್ಲ ಎಂದು ಗಾಬರಿಯಾಗುವ ಮೊದಲು ಮ್ಯಾನ್ಯುಯಲ್ ನೋಡಿ.

ಗೈಡ್ ಆರಿಸುವುದೂ ಒಂದು ಕೆಲಸ

ಮೊದಲು ತಾರೀಖು ನೋಡಿ. ಆರು ತಿಂಗಳ ಹಿಂದಿನ ಗೈಡಿನ ವಿಧಾನ ಉಪಯೋಗಕ್ಕೆ ಬರುತ್ತದೆ, ಬೆಲೆ ಬರುವುದಿಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಮೇಲೇರಿತು, ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಅದಕ್ಕಿಂತ ಮುಂಚಿನ ಎಲ್ಲ ‘ಬಜೆಟ್ ಬಿಲ್ಡ್’ ಪಟ್ಟಿಗಳ ಕೂಡು ಮೊತ್ತ ಅಲ್ಲಿಗೆ ಹಳತಾಯಿತು. ಎರಡನೆಯದು ದೇಶ. ಡಾಲರನ್ನು ರೂಪಾಯಿಗೆ ಗುಣಿಸಿದರೆ ನಮ್ಮ ಬೆಲೆ ಬರುವುದಿಲ್ಲ. 18 ಶೇಕಡಾ ಜಿಎಸ್‌ಟಿ ಸೇರುತ್ತದೆ, ಅಲ್ಲಿ ಅಗ್ಗವಾದ ಮಾದರಿ ಇಲ್ಲಿ ದುಬಾರಿಯಾಗಿರುವುದೂ ಉಂಟು. ಮೂರನೆಯದು, ಏಕೆ ಎಂದು ಹೇಳುವ ಗೈಡ್ ಹಿಡಿಯಿರಿ. ‘ಇದನ್ನು ತೆಗೆದುಕೊಳ್ಳಿ’ ಎಂದಷ್ಟೇ ಹೇಳಿದರೆ, ಆ ವಸ್ತು ಅಂಗಡಿಯಲ್ಲಿ ಇಲ್ಲದ ದಿನ ನಿಮ್ಮ ಕೈ ಖಾಲಿ.

ಹೊಂದಾಣಿಕೆಯ ಕೊನೆಯ ಮಾತು ಮಾತ್ರ ಬೋರ್ಡ್ ತಯಾರಕರದ್ದೇ. ಅವರ ತಾಣದಲ್ಲಿ ನಿಮ್ಮ ಬೋರ್ಡಿನ ಪುಟಕ್ಕೆ ಹೋಗಿ ಪ್ರೊಸೆಸರ್ ಬೆಂಬಲ ಪಟ್ಟಿ ತೆರೆಯಿರಿ. ಪ್ರೊಸೆಸರ್ ಪಕ್ಕದಲ್ಲಿ ಯಾವ ಬಯೋಸ್ ಆವೃತ್ತಿಯಿಂದ ನಡೆಯುತ್ತದೆ ಎಂದು ಬರೆದಿರುತ್ತದೆ. ಅಂಗಡಿಯ ಕಪಾಟಿನಲ್ಲಿ ಬಹಳ ದಿನ ಕೂತ ಬಿ650 ಬೋರ್ಡಿಗೆ ರೈಜನ್ 9000 ಸರಣಿ ಹಾಕಿದರೆ ಚಿತ್ರವೇ ಬರದಿರಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಕೊಂಡರೆ ಈ ತಲೆನೋವು ಇಲ್ಲ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಫೈಲಿನ ಹೆಸರು ಮ್ಯಾನ್ಯುಯಲ್ ಹೇಳಿದಂತೆಯೇ ಇರಬೇಕು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವುದೋ, ಆನ್‌ಲೈನೋ, ಊರಿನ ಅಂಗಡಿಯೋ? ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲಿ ಕೊಂಡರೂ ನಡೆಯುತ್ತದೆ, ಅವು ಕೆಡುವುದು ಕಡಿಮೆ. ಬೋರ್ಡು, ಎಸ್‌ಎಂಪಿಎಸ್, ಮಾನಿಟರ್ ಊರಿನಲ್ಲೇ ಕೊಂಡರೆ ಕೆಟ್ಟಾಗ ಹೊತ್ತೊಯ್ಯುವ ದೂರ ಕಡಿಮೆ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಬಿಲ್ಲಿನ ಶಾಯಿ ಮಾಸುತ್ತದೆ, ಅದೇ ದಿನ ಫೋಟೊ ತೆಗೆದಿಡಿ.

ಜೋಡಿಸುವಾಗ ಎಲ್ಲಿ ಎಡವುತ್ತಾರೆ

ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಹಾಕಿ, ಆಮೇಲೆ ಕ್ಯಾಬಿನೆಟ್ಟಿಗೆ ಇಳಿಸಿ. ಚಳಿಗಾಲದಿಂದ ಮಾರ್ಚ್‌ವರೆಗೆ ನಮ್ಮ ಗಾಳಿ ಒಣ, ಮೈಯಲ್ಲಿ ಸ್ಟ್ಯಾಟಿಕ್ ಕೂರುತ್ತದೆ. ಎಸ್‌ಎಂಪಿಎಸ್‌ನ ಪ್ಲಗ್ ಹಾಕಿ, ಸ್ವಿಚ್ ಆಫ್ ಇಟ್ಟು, ಅದರ ಲೋಹವನ್ನು ಆಗಾಗ ಮುಟ್ಟುತ್ತಿರಿ. ಅರ್ಥ್ ಸರಿಯಿದ್ದರೆ ಮಾತ್ರ ಇದಕ್ಕೆ ಅರ್ಥವಿದೆ.

ಎಎಂ5 ಮತ್ತು ಎಲ್‌ಜಿಎ 1700ರಲ್ಲಿ ಪಿನ್‌ಗಳು ಸಾಕೆಟ್ಟಿನಲ್ಲಿರುತ್ತವೆ, ಕೂದಲಿಗಿಂತ ಹೆಚ್ಚು ದಪ್ಪವಿಲ್ಲ. ಪ್ರೊಸೆಸರಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಡಿ, ಒತ್ತಬೇಡಿ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಜೋಪಾನ, ವಾರಂಟಿಗೆ ಕಳಿಸುವಾಗ ಕೇಳುತ್ತಾರೆ. ಎಎಂ4ರಲ್ಲಿ ಪಿನ್ ಪ್ರೊಸೆಸರಿನಲ್ಲೇ ಇದೆ. ಹಳೆಯ ಕೂಲರ್ ಬಿಚ್ಚುವಾಗ ನೇರ ಮೇಲೆತ್ತಿದರೆ ಒಣಗಿದ ಪೇಸ್ಟಿನ (ಶಾಖ ದಾಟಿಸಲು ನಡುವೆ ಹಚ್ಚುವ ಲೇಪ) ಜೊತೆ ಪ್ರೊಸೆಸರೂ ಕಿತ್ತು ಬರುತ್ತದೆ. ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಅತ್ತಿತ್ತ ತಿರುಚಿ ಬಿಡಿಸಿ. ಪೇಸ್ಟ್ ಬಟಾಣಿ ಗಾತ್ರ ಸಾಕು. ಕೂಲರ್ ತಳದ ಪಾರದರ್ಶಕ ಸ್ಟಿಕರ್ ಕೀಳುವುದನ್ನು ಮರೆಯುವವರು ಕಡಿಮೆಯೇನಿಲ್ಲ. ಆನ್ ಮಾಡಿದ ಒಂದೆರಡು ನಿಮಿಷದಲ್ಲಿ 90 ಡಿಗ್ರಿ ದಾಟಿದರೆ ಮೊದಲು ಅದನ್ನೇ ಅನುಮಾನಿಸಿ.

ಕ್ಯಾಬಿನೆಟ್ಟಿನ ಒಳಗಿನ ಹಿತ್ತಾಳೆ ಗುಬ್ಬಿಗಳು ಬೋರ್ಡಿನ ತೂತುಗಳ ಕೆಳಗೆ ಮಾತ್ರ ಇರಬೇಕು. ತೂತಿಲ್ಲದ ಜಾಗದಲ್ಲಿ ಒಂದು ಉಳಿದರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್. ಎಂಟು ಪಿನ್ನಿನ ಕೇಬಲ್ ಎರಡು ಬಗೆ: ನಾಲ್ಕು ಮತ್ತು ನಾಲ್ಕಾಗಿ ಒಡೆಯುವುದು ಪ್ರೊಸೆಸರಿಗೆ, ಆರು ಮತ್ತು ಎರಡಾಗಿ ಒಡೆಯುವುದು ಕಾರ್ಡಿಗೆ. ಬಲವಂತದಿಂದ ತುರುಕಬೇಡಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ನ ಕೇಬಲನ್ನು ಇನ್ನೊಂದು ಎಸ್‌ಎಂಪಿಎಸ್‌ಗೆ ಹಾಕುವುದು ಎಲ್ಲಕ್ಕಿಂತ ದುಬಾರಿ ತಪ್ಪು: ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಒಂದೇ ನಿಯಮವಿಲ್ಲ, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಡಿಸ್ಕು ಸುಡುತ್ತದೆ. ಹೊಸ ದೊಡ್ಡ ಕಾರ್ಡುಗಳ 16 ಪಿನ್ನಿನ ಕನೆಕ್ಟರ್ ಪೂರ್ತಿ ಒಳಗೆ ಕೂತಿಲ್ಲದಿದ್ದರೆ ಬಿಸಿಯಾಗಿ ಕರಗುತ್ತದೆ. ಟಕ್ ಎಂದ ಮೇಲೂ ಟಾರ್ಚ್ ಹಿಡಿದು ಸಂದಿಲ್ಲವೆಂದು ನೋಡಿ.

ಮೊದಲ ಸಲ ಆನ್ ಮಾಡಿದಾಗ ಚಿತ್ರ ಬರಲಿಲ್ಲವೇ? ಮಾನಿಟರ್ ಕೇಬಲ್ ಬೋರ್ಡಿಗೆ ಬೇಡ, ಕಾರ್ಡಿಗೆ ಚುಚ್ಚಿ. ಡಿಡಿಆರ್5 ಆದರೆ ಕಾಯಿರಿ. ಎಎಂ5 ಬೋರ್ಡು ಮೊದಲ ಸಲ ರ‍್ಯಾಮ್ ಪರಿಚಯ ಮಾಡಿಕೊಳ್ಳಲು ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ, ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಹದಿನೈದು ನಿಮಿಷವಾದರೂ ಬರದಿದ್ದರೆ ಬೋರ್ಡಿನ ಮೂಲೆಯ ಪುಟ್ಟ ದೀಪಗಳಲ್ಲಿ ಯಾವುದು ಉರಿದು ನಿಂತಿದೆ ನೋಡಿ: ಪ್ರೊಸೆಸರ್, ರ‍್ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್. ರ‍್ಯಾಮ್ ದೀಪವಾದರೆ ಒಂದೇ ಕಡ್ಡಿ ಹಾಕಿ ಪ್ರಯತ್ನಿಸಿ, ಎರಡೂ ಬದಿ ಟಕ್ ಎನ್ನುವಂತೆ ಒತ್ತಿ. ಎಕ್ಸ್‌ಪೊ ಆನ್ ಮಾಡಿದ ಮೇಲೆ ನಿಂತಿದ್ದರೆ ಬೋರ್ಡಿನ ಬಟನ್ ಸೆಲ್ ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಆಟದ ನಡುವೆ ಬ್ಲೂ ಸ್ಕ್ರೀನ್ ಇಲ್ಲದೆ ದಿಢೀರ್ ಆಫ್ ಆದರೆ ಅನುಮಾನ ಎಸ್‌ಎಂಪಿಎಸ್ ಮೇಲೆ ಅಥವಾ ಗೋಡೆಯ ಕರೆಂಟಿನ ಮೇಲೆ. ಬ್ಲೂ ಸ್ಕ್ರೀನ್ ಬಂದು ಆಫ್ ಆದರೆ ರ‍್ಯಾಮ್ ಅಥವಾ ಡ್ರೈವರ್. 144 ಹರ್ಟ್ಸ್ ಮಾನಿಟರ್ ಕೊಂಡು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60ಕ್ಕೇ ಬಿಟ್ಟಿರುವುದನ್ನೂ ಒಮ್ಮೆ ಪರೀಕ್ಷಿಸಿ.

ಪಿಸಿ ಸಿದ್ಧವಾದ ಮೇಲೆ ನಿಜವಾದ ಪರೀಕ್ಷೆ ಬೇಸಿಗೆಯದ್ದು. ಮಧ್ಯಾಹ್ನ ಎರಡಕ್ಕೆ, ಫ್ಯಾನ್ ಮಾತ್ರ ಹಾಕಿ, ಭಾರವಾದ ಆಟವನ್ನು ಒಂದು ಗಂಟೆ ಓಡಿಸಿ, ಎಚ್‌ಡಬ್ಲ್ಯೂಇನ್ಫೊ ಎಂಬ ತಂತ್ರಾಂಶದಲ್ಲಿ ಗರಿಷ್ಠ ತಾಪಮಾನ ಬರೆದುಕೊಳ್ಳಿ. ರೈಜನ್ 5 5600ರ ಮಿತಿ 90 ಡಿಗ್ರಿ, 7600ದ್ದು 95, ಐ5-12400ರದ್ದು 100. ಮಿತಿಗೆ ಹತ್ತು ಡಿಗ್ರಿ ಕೆಳಗೆ ನಿಂತರೆ ನಿಶ್ಚಿಂತೆ. ಮಿತಿಗೇ ಅಂಟಿಕೊಂಡಿದ್ದರೆ ಕ್ಯಾಬಿನೆಟ್ಟಿನ ಪಕ್ಕದ ಫಲಕ ತೆಗೆದು ಅದೇ ಆಟವನ್ನು ಅಷ್ಟೇ ಹೊತ್ತು ಮತ್ತೆ ಓಡಿಸಿ. ತಾಪಮಾನ ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಗಾಳಿಯ ಹರಿವಿನದು: ಮುಂದೆ ಇನ್ನೊಂದು ಫ್ಯಾನ್ ಬೇಕು, ಇಲ್ಲವೇ ಫಿಲ್ಟರ್ ಕಟ್ಟಿದೆ. ಇಳಿಯದಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ. ಬಿಚ್ಚಿ, ಪೇಸ್ಟ್ ಒರೆಸಿ, ಮತ್ತೆ ಹಚ್ಚಿ, ನಾಲ್ಕೂ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಕಾರ್ಡು ಬಿಸಿಯಾಗುತ್ತಿದ್ದರೆ ಅದರ ಪವರ್ ಲಿಮಿಟನ್ನು (ಎಳೆಯಬಹುದಾದ ಗರಿಷ್ಠ ವ್ಯಾಟ್) 85 ಶೇಕಡಾಕ್ಕೆ ಇಳಿಸಿ ನೋಡಿ. ಎಫ್‌ಪಿಎಸ್ ಕಳೆದುಕೊಳ್ಳುವುದು ಅಲ್ಪ, ಶಾಖವೂ ಫ್ಯಾನಿನ ಸದ್ದೂ ಎದ್ದು ಕಾಣುವಷ್ಟು ತಗ್ಗುತ್ತವೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ 100ಕ್ಕೆ ಏರಿಸಿಕೊಳ್ಳಬಹುದು.